ಬಾಣಂತನಕ್ಕೆ ಹೊರಟವರ ಕೈಲಿ ಯಾವ ಕಾರ್ಡ್ ಇರಬೇಕು?

ಮುಂದಿನ ತಿಂಗಳು ನಮ್ಮಕ್ಕ, ಭಾವ ಅಮೆರಿಕಕ್ಕೆ ಹೊರಟಿದ್ದಾರೆ. ಮಗಳ ಬಾಣಂತನ. ಮದ್ದೂರಿನ ಹತ್ತಿರದ ಹಳ್ಳಿ ಅವರದು. ಭಾವ ಕಬ್ಬು, ಭತ್ತ ಬೆಳೆದುಕೊಂಡು ಬಂದವರು. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಎಲ್ಲ ಆಯಿತು. ಬಾಣಂತಿಗೆ ಬೇಕಾದ ಮೆಣಸು, ಒಣಶುಂಠಿ ಪುಡಿಯನ್ನೂ ಕುಟ್ಟಿಸಿ ಡಬ್ಬಿಗೆ ತುಂಬಿದ್ದಾಳೆ. ದುಡ್ಡಿಗೆ ಏನು ಮಾಡ್ತೀರಿ ಅಂತ ಕೇಳಿದೆ. "ಅಳಿಯಂದ್ರು ಇದ್ದಾರಲ್ಲೋ, ನೋಡ್ಕೋತಾರೆ ಬಿಡು" ಅಂದಳು ಅಕ್ಕ.

ಆ ಮಾತು ನನಗೆ ಹಿಡಿಸಲಿಲ್ಲ. ನಮ್ಮಳಿಯ ಚಿನ್ನದಂಥ ಹುಡುಗ, ಪ್ರಶ್ನೆ ಅದಲ್ಲ. ಮೂವತ್ತು ವರ್ಷ ಡೈರಿಗೆ ಹಾಲು ಹಾಕಿ, ಆ ದುಡ್ಡಲ್ಲಿ ಮಗಳನ್ನು ಓದಿಸಿದವಳು ಇವಳು. ಮೊಮ್ಮಗುವಿಗೆ ಒಂದು ಟೋಪಿ ತಗೊಳ್ಳೋಕೂ ಅಳಿಯನ ಮುಖ ನೋಡಬೇಕಾ? ಐದು ತಿಂಗಳು ಇರೋಕೆ ಹೋಗುತ್ತಿದ್ದಾಳೆ. ಅವಳ ದುಡ್ಡು ಅವಳ ಕೈಲೇ ಇರಬೇಕು.

ಭಾವನ ಕಾರ್ಡ್ ತೆಗೆಸಿ ನೋಡಿದೆ. ಕಬ್ಬಿನ ದುಡ್ಡು ಬೀಳೋ ಖಾತೆಯದು, ರುಪೇ ಡೆಬಿಟ್ ಕಾರ್ಡ್. ಭಾರತದಲ್ಲಿ ಮಾತ್ರ ನಡೆಯುತ್ತದೆ ಅಂತ ಹಿಂದೆ ಸಣ್ಣಕ್ಷರದಲ್ಲಿ ಅಚ್ಚು ಹಾಕಿತ್ತು. ವಿದೇಶದಲ್ಲಿ ನಡೆಯೋ ರುಪೇ ಕಾರ್ಡ್ ಬೇರೆಯೇ ಬರುತ್ತವೆ. ಇದನ್ನೇ ನಂಬಿಕೊಂಡು ವಿಮಾನ ಹತ್ತಿದ್ದರೆ ಏನು ಗತಿ ಹೇಳಿ.

ನನಗೆ ಇದರ ಬಿಸಿ ತಟ್ಟಿದ್ದು ಬ್ಯಾಂಕಾಕ್‌ನಲ್ಲಿ. ಮೈಸೂರಿನಿಂದ ಆಫೀಸಿನವರು ಆರು ಜನ ಹೋಗಿದ್ದೆವು. ಹೋಟೆಲ್ ಕೌಂಟರ್‌ನಲ್ಲಿ ನನ್ನ ಕಾರ್ಡ್ ನಡೆಯಲೇ ಇಲ್ಲ. ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ನಿಯಮದಂತೆ ಹೊಸ ಕಾರ್ಡ್‌ಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಆನ್ ಮಾಡಿಕೊಳ್ಳಬೇಕು. ನಿಯಮ ಒಳ್ಳೆಯದೇ, ಆದರೆ ನನಗೆ ಯಾರೂ ಹೇಳಿರಲಿಲ್ಲ. ಅಲ್ಲೇ ನಿಂತು ಆ್ಯಪ್ ತೆಗೆದರೆ ಒಟಿಪಿ ಕೇಳಿತು. ನನ್ನ ನಂಬರಿಗೆ ರೋಮಿಂಗ್ ಹಾಕಿಸಿರಲಿಲ್ಲ. ಕೊನೆಗೆ ಜೊತೆಗಿದ್ದವರೊಬ್ಬರು ಕಟ್ಟಿದರು. ಮಾರನೇ ದಿನ ಕಾರ್ಡ್ ಸರಿಹೋಯಿತು. ಭಯಕ್ಕೆ ಸ್ವಲ್ಪ ಸ್ವಲ್ಪವೇ ಅಂತ ಮೂರು ಸಲ ಎಟಿಎಂನಿಂದ ತೆಗೆದೆ. ಹೊರದೇಶದ ಕಾರ್ಡಿಗೆ ಅಲ್ಲಿನ ಎಟಿಎಂ ಸಲಕ್ಕೆ 220 ಬಾತ್ ಹಿಡಿದುಕೊಂಡಿತು. ಮೂರು ಸಲಕ್ಕೆ 660. ಊರಿಗೆ ಬಂದ ಮೇಲೆ ನಮ್ಮ ಬ್ಯಾಂಕಿನ ಶುಲ್ಕ ಬೇರೆ.

ಈ ಶುಲ್ಕದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ನಮ್ಮಲ್ಲಿ ಬಹಳಷ್ಟು ಕಾರ್ಡ್‌ಗಳು ವಿದೇಶದ ಖರ್ಚಿಗೆ ನೂರಕ್ಕೆ 3.5ರಷ್ಟು ಮಾರ್ಕಪ್, ಅಂದರೆ ಹಣ ಬದಲಾಯಿಸಿದ್ದಕ್ಕೆ ಹೆಚ್ಚುವರಿ ಶುಲ್ಕ, ಹಾಕುತ್ತವೆ. ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ. ಅಂದರೆ 1 ಲಕ್ಷ ಖರ್ಚು ಮಾಡಿದರೆ 4,130 ರೂಪಾಯಿ ಸುಮ್ನೆ ಹೋಯಿತು. ಮಾರ್ಕಪ್ 2 ಇರೋ ಕಾರ್ಡಾದರೆ 2,360. ಮಾರ್ಕಪ್ಪೇ ಇಲ್ಲದ ಕ್ರೆಡಿಟ್ ಕಾರ್ಡ್‌ಗಳೂ ಇವೆ.

ಅದಕ್ಕೇ ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿನ ಹುಡುಗರೆಲ್ಲ, "ಮಾವ, ಮಾರ್ಕಪ್ ಇಲ್ಲದ ಕ್ರೆಡಿಟ್ ಕಾರ್ಡ್ ಮಾಡಿಸಿ, ಮುಗೀತು" ಅಂದರು. ನಾನು ಒಪ್ಪಲಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡುವ ಇಪ್ಪತ್ತೆಂಟರ ಹುಡುಗನಿಗೆ ಅದು ಸರಿ, ಅವನು ಅದನ್ನೇ ಮಾಡಿಸಲಿ. ಭಾವನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಠೇವಣಿ ಇಟ್ಟರೆ ಕ್ರೆಡಿಟ್ ಕಾರ್ಡ್ ಕೊಡುತ್ತಾರೆ, ನಿಜ. ಆದರೆ ಬಿಲ್ಲು, ಕೊನೇ ದಿನಾಂಕ, ತಪ್ಪಿದರೆ ಬಡ್ಡಿ, ಇದನ್ನೆಲ್ಲ ಅವರು ಅಲ್ಲಿ ಕೂತು ನೋಡಬೇಕಾಗುತ್ತೆ. ಗೊತ್ತಿಲ್ಲದೆ ಅದರಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಅದೇ ದಿನದಿಂದ ಬಡ್ಡಿ ಶುರು. ಇನ್ನೊಂದು ವಿಷಯ. ಎಷ್ಟೋ ವಿದೇಶಿ ವೆಬ್‌ಸೈಟ್‌ಗಳು ಒಟಿಪಿ ಕೇಳದೆಯೇ ದುಡ್ಡು ಎಳೆದುಕೊಳ್ಳುತ್ತವೆ. ಕಾರ್ಡ್ ನಂಬರ್ ಯಾರಿಗಾದರೂ ಸಿಕ್ಕರೆ ಮಿತಿ ಇರೋವರೆಗೂ ಹೋಗಬಹುದು. ಕಬ್ಬಿನ ಖಾತೆಗೇ ವಿದೇಶದಲ್ಲಿ ನಡೆಯೋ ಡೆಬಿಟ್ ಕಾರ್ಡ್ ಮಾಡಿಸಿದರೆ ಆ ಖಾತೆಯ ದುಡ್ಡೇ ಹೋಗಬಹುದು.

ಹಾಗಾಗಿ ನಾನು ಭಾವನಿಗೆ ಮಾಡಿಸಿದ್ದು ಡಾಲರ್ ತುಂಬಿದ ಫಾರೆಕ್ಸ್ ಕಾರ್ಡ್. ಮೊದಲೇ ರೂಪಾಯಿ ಕಟ್ಟಿ ಡಾಲರ್ ತುಂಬಿಸಿಕೊಳ್ಳುವ ಕಾರ್ಡ್ ಇದು. ಊರಿನ ಖಾತೆಗೂ ಇದಕ್ಕೂ ಸಂಬಂಧ ಇಲ್ಲ. ಕಳೆದುಹೋದರೂ ತುಂಬಿಸಿದ್ದಕ್ಕಿಂತ ಜಾಸ್ತಿ ಹೋಗಲ್ಲ. ಆಮೇಲೆ ರೂಪಾಯಿಯ ಬೆಲೆ ಬಿದ್ದರೂ ಇವರ ಡಾಲರ್ ಇದ್ದಷ್ಟೇ ಇರುತ್ತೆ. ಭಾವ ಕೇಳಿದ್ದೂ ಅಷ್ಟೇ: "ನೋಡಪ್ಪ, ಎಷ್ಟು ಹಾಕ್ದೆ, ಎಷ್ಟು ಉಳೀತು, ಅದು ಗೊತ್ತಾದ್ರೆ ಸಾಕು ನಂಗೆ."

ಇದೇ ಅಗ್ಗ ಅಂತ ನಾನು ಹೇಳುತ್ತಿಲ್ಲ. ಕೌಂಟರ್‌ನಲ್ಲಿ ಮಾರ್ಕಪ್ ಇಲ್ಲ ಅನ್ನುತ್ತಾರೆ, ಆದರೆ ಡಾಲರ್ ಮಾರುವ ದರದಲ್ಲೇ ಅವರ ಲಾಭ ಸೇರಿರುತ್ತೆ. ಆ ದಿನದ ಮಾರುಕಟ್ಟೆ ದರ ಮೊಬೈಲ್‌ನಲ್ಲಿ ತೆಗೆದು ಪಕ್ಕಕ್ಕಿಟ್ಟುಕೊಂಡು, ಎಲ್ಲ ಸೇರಿ ಒಂದು ಡಾಲರ್‌ಗೆ ಎಷ್ಟು ಬೀಳುತ್ತೆ ಅಂತ ಕೇಳಿ. ನಾನು ಮೈಸೂರಲ್ಲಿ ಮೂರು ಕಡೆ ಕೇಳಿದೆ, ಮೂರು ಕಡೆಯೂ ಬೇರೆ ಬೇರೆ ದರ. ವಾಪಸ್ ಬಂದ ಮೇಲೆ ಉಳಿದ ಡಾಲರನ್ನು ರೂಪಾಯಿ ಮಾಡಿಸಲು ಎಷ್ಟು ಹಿಡಿಯುತ್ತಾರೆ ಅನ್ನೋದನ್ನೂ ಆಗಲೇ ಕೇಳಿಬಿಡಬೇಕು. ಪಾನ್ ಕಾರ್ಡ್, ಪಾಸ್‌ಪೋರ್ಟ್, ವೀಸಾ, ಟಿಕೆಟ್ ತೋರಿಸಬೇಕು. ವಿದೇಶಕ್ಕೆ ಒಯ್ಯೋ ದುಡ್ಡಿನ ಮೇಲೆ ಮೊದಲೇ ಹಿಡಿದುಕೊಳ್ಳೋ ತೆರಿಗೆಯ (ಟಿಸಿಎಸ್) ಹೆದರಿಕೆ ಕೆಲವರಿಗಿದೆ. 2025ರ ಏಪ್ರಿಲ್‌ನಿಂದ ಆ ದುಡ್ಡು ವರ್ಷಕ್ಕೆ 10 ಲಕ್ಷ ದಾಟಿದರೆ ಮಾತ್ರ ಅದು, ನಮ್ಮಂಥವರು ತಲೆಕೆಡಿಸಿಕೊಳ್ಳಬೇಕಿಲ್ಲ.

ಎರಡನೇ ಕಾರ್ಡ್ ಅಕ್ಕನ ಹೆಸರಲ್ಲಿ. ನನ್ನ ಕ್ರೆಡಿಟ್ ಕಾರ್ಡ್‌ಗೆ ಜೋಡಿಸಿದ ಆ್ಯಡ್ ಆನ್ ಕಾರ್ಡ್. ಮಿತಿ ಕಮ್ಮಿ ಇಟ್ಟಿದ್ದೇನೆ, ಬಿಲ್ಲು ಇಲ್ಲಿ ನನಗೇ ಬರುತ್ತೆ, ಲೆಕ್ಕ ಆಮೇಲೆ ಮಾಡಿಕೊಳ್ಳುತ್ತೇವೆ. ಒಂದು ಕಾರ್ಡ್ ಭಾವನ ಜೇಬಲ್ಲಿ, ಇನ್ನೊಂದು ಅಕ್ಕನ ಬ್ಯಾಗಲ್ಲಿ. ಎರಡೂ ಒಂದೇ ಪರ್ಸಿನಲ್ಲಿ ಇಡಲೇಬಾರದು. ಜೊತೆಗೆ ಒಂದಷ್ಟು ಡಾಲರ್ ನೋಟು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ಇವರ ವಿಮಾನ ದುಬೈ ಮೇಲೆ ಹೋಗುತ್ತೆ. ಅಲ್ಲಿ ಕಾಯುವಾಗ ಟೀ, ನೀರು ಬೇಕಾಗುತ್ತೆ. ಇಂಥ ವಿಮಾನ ನಿಲ್ದಾಣಗಳಲ್ಲಿ ಕಾರ್ಡ್ ಹಾಕಿದ ಕೂಡಲೇ ಮೆಷಿನ್ ಎರಡು ಮೊತ್ತ ತೋರಿಸುವುದುಂಟು. ಒಂದು ಅಲ್ಲಿನ ದುಡ್ಡಾದ ದಿರ್ಹಮ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ನಮ್ಮವರು ರೂಪಾಯಿ ಕಂಡ ತಕ್ಷಣ ಅದನ್ನೇ ಒತ್ತುತ್ತಾರೆ. ಸಹಜ ಅಲ್ವಾ, ಅರ್ಥವಾಗೋ ದುಡ್ಡು ಅದು. ಆದರೆ ಆ ರೂಪಾಯಿಯ ದರ ಅಂಗಡಿ ಕಡೆಯವರು ಹಾಕಿದ್ದು, ಸಾಮಾನ್ಯವಾಗಿ ದುಬಾರಿ. ಡಾಲರ್ ಕಾರ್ಡಿಗಂತೂ ದಿರ್ಹಮ್ ರೂಪಾಯಿಯಾಗಿ, ರೂಪಾಯಿ ಮತ್ತೆ ಡಾಲರ್ ಆಗಿ, ಎರಡೆರಡು ಏಟು. ನಿಂತಿರೋ ದೇಶದ ದುಡ್ಡನ್ನೇ ಒತ್ತಬೇಕು. ದಿರ್ಹಮ್ ಒತ್ತಿದರೂ ಡಾಲರ್ ಕಾರ್ಡಿಗೆ ಸ್ವಲ್ಪ ಶುಲ್ಕ ಬೀಳುತ್ತೆ, ಒಂದು ಟೀಗೆ ಬೀಳಲಿ ಬಿಡಿ.

ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅನಿಸಿತು. ಫಾರೆಕ್ಸ್ ಕಾರ್ಡ್ ಇಲ್ಲಿ ನಡೆಯುವುದಿಲ್ಲ. ಅದಕ್ಕೇ ಹೋದ ಭಾನುವಾರ ಭಾವನನ್ನು ಅವರ ರುಪೇ ಕಾರ್ಡ್ ಸಮೇತ ಮಂಡ್ಯದ ಪೇಟೆಬೀದಿಗೆ ಕರೆದುಕೊಂಡು ಹೋದೆ. ಇಷ್ಟು ವರ್ಷ ಅವರು ಅಂಗಡಿಯಲ್ಲಿ ಕಾರ್ಡ್ ಕೊಟ್ಟು ಪಿನ್ ಹೇಳಿಬಿಡುತ್ತಿದ್ದರು, ಅಂಗಡಿಯವರೇ ಒತ್ತುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ಎರಡು ಟವೆಲ್ ತಗೊಂಡೆವು. ಮೆಷಿನ್ ಅವರ ಕೈಗೇ ಕೊಡಿಸಿದೆ. ಕಾರ್ಡ್ ತೂರಿಸಿದರು, ನನ್ನ ಮುಖ ನೋಡಿದರು. "ಮೊದಲು ಓದಿ ಭಾವ" ಅಂದೆ. ಕನ್ನಡಕ ಹಾಕಿಕೊಂಡು ಮೊತ್ತ ಓದಿದರು. ಎಡಗೈ ಅಡ್ಡ ಇಟ್ಟು ನಾಲ್ಕಂಕಿ ಒತ್ತಿದರು. ಮೆಷಿನ್ ಕಿರ್ ಅಂತ ಚೀಟಿ ಬಿಟ್ಟಿತು.

ಅಲ್ಲಿಂದ ಹೊರಟು ಪಕ್ಕದ ಪಾತ್ರೆ ಅಂಗಡಿಗೆ ತಾವೇ ನಡೆದರು. ಅಕ್ಕ ಹೇಳಿಕಳಿಸಿದ್ದ ಸ್ಟೀಲ್ ಡಬ್ಬಿ ತಗೊಂಡು, ಕಾರ್ಡ್ ಹಾಕಿ, ಈ ಸಲ ನನ್ನ ಕಡೆ ನೋಡದೆ ಮೊತ್ತವನ್ನು ಜೋರಾಗಿ ಓದಿದರು. ಬಿಲ್ಲಿಗಿಂತ ಹತ್ತು ರೂಪಾಯಿ ಜಾಸ್ತಿ ಹೊಡೆದಿದ್ದ ಹುಡುಗ. ಭಾವ ಕಾರ್ಡ್ ಹೊರಗೆಳೆದು, "ಸರಿ ಮಾಡಪ್ಪ, ಆಮೇಲೆ ಒತ್ತುತೀನಿ" ಅಂದರು.