ಹೆಡರ್ ಹೊಡೆದು ಬರೋ ತಲೆನೋವು "ಅಭ್ಯಾಸ" ಆಗೋ ನೋವಲ್ಲ

ಎರಡು ತಿಂಗಳ ಹಿಂದೆ ಒಂದು ಸಂಜೆ ಮಗಳು ಫುಟ್‌ಬಾಲ್ ಪ್ರಾಕ್ಟೀಸ್ ಮುಗಿಸಿ ಬಂದವಳು ಶೂ ಕೂಡ ಬಿಚ್ಚದೆ ಹಾಗೇ ಮಲಗಿಬಿಟ್ಲು. "ಅಪ್ಪ ಲೈಟ್ ಆಫ್ ಮಾಡು, ಕಣ್ಣಿಗೆ ಚುಚ್ತಿದೆ" ಅಂದ್ಲು. ಹನ್ನೆರಡು ವರ್ಷ ಅವಳಿಗೆ, ಡಿಫೆಂಡರ್, ಅಂದ್ರೆ ಎದುರಾಳಿ ಗೋಲ್ ಹೊಡೆಯದ ಹಾಗೆ ತಡೆಯೋಳು. ಕೇಳಿದ್ರೆ ಅವತ್ತು ಪೂರ್ತಿ ಕಾರ್ನರ್ ಕಿಕ್ ಪ್ರಾಕ್ಟೀಸಂತೆ, ಮೈದಾನದ ಮೂಲೆಯಿಂದ ಒಬ್ಬರಾದ ಮೇಲೆ ಒಬ್ಬರು ಬಾಲ್ ಎತ್ತಿ ಹಾಕ್ತಾನೇ ಇದ್ರಂತೆ, ಇವಳು ತಲೇಲಿ ಹೊಡೆದು (ಇದಕ್ಕೇ ಹೆಡರ್ ಅನ್ನೋದು) ಆಚೆ ಕಳಿಸ್ತಾನೇ ಇದ್ಲಂತೆ, ಎಷ್ಟು ಸಲ ಅಂದ್ರೆ ಲೆಕ್ಕ ಇಟ್ಟಿಲ್ಲ. ತಲೆ ನೋಯ್ತಿದೆ ಅಂತ ಕೋಚ್‌ಗೆ ಹೇಳಿದ್ದಕ್ಕೆ "ಮೊದಮೊದಲು ಹಂಗೇ, ಅಭ್ಯಾಸ ಆಗುತ್ತೆ" ಅಂದ್ರಂತೆ.

ಈ ಮಾತು ನನಗೆ ಇವತ್ತಿಗೂ ಅರಗಿಲ್ಲ. ಓಡಿ ಓಡಿ ಕಾಲಿಗೆ ಅಭ್ಯಾಸ ಆಗುತ್ತೆ, ಉಸಿರಿಗೆ ಅಭ್ಯಾಸ ಆಗುತ್ತೆ, ಕತ್ತಿನ ಸ್ನಾಯು ಗಟ್ಟಿ ಆಗುತ್ತೆ. ಪೆಟ್ಟು ತಿನ್ನೋದು ಮಿದುಳಿಗೆ ಅಭ್ಯಾಸ ಆಗಲ್ಲ. ದೊಡ್ಡವರ ಬಾಲ್ 410ರಿಂದ 450 ಗ್ರಾಂ ತೂಗುತ್ತೆ, ಅದು ಎತ್ತರದಿಂದ ಬಂದು ಹಣೆಗೆ ಬಡಿದಾಗ ತಲೆ ಗಕ್ಕನೆ ಅಲುಗುತ್ತೆ, ಬುರುಡೆ ನಿಂತ್ರೂ ಒಳಗಿರೋ ಮೆತ್ತನೆ ಮಿದುಳು ಅಷ್ಟೇ ಬೇಗ ನಿಲ್ಲಲ್ಲ, ಹಿಗ್ಗಿ ತಿರುಚಿಕೊಳ್ಳುತ್ತೆ. ಒಂದು ಸಲಕ್ಕೆ ಏನೂ ಗೊತ್ತಾಗದೆ ಇರಬಹುದು. 2016ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಯೂನಿವರ್ಸಿಟಿಯವರು ಆಟಗಾರರಿಗೆ ಕಾರ್ನರ್ ಥರದ ಬಾಲ್ 20 ಸಲ ಹೆಡ್ ಮಾಡಿಸಿ ತಕ್ಷಣ ಪರೀಕ್ಷೆ ಮಾಡಿದ್ರು, ನೆನಪಿನ ಟೆಸ್ಟ್‌ನಲ್ಲಿ 41ರಿಂದ 67 ಪರ್ಸೆಂಟ್ ತನಕ ಕುಸಿತ ಕಂಡಿತ್ತು. 24 ಗಂಟೆ ಒಳಗೆ ಸರಿಹೋಯ್ತು, ಅದೂ ನಿಜ. ಆದ್ರೆ ಮಾರನೇ ದಿನ ಮತ್ತೆ 20, ಅದರ ಮಾರನೇ ದಿನ ಮತ್ತೆ ಅಂತ ವರ್ಷಗಟ್ಟಲೆ ನಡೆದ್ರೆ?

ಇಂಗ್ಲೆಂಡ್ ಪರ ಆಡಿದ್ದ ಜೆಫ್ ಆಸ್ಲ್ ಹೆಡರ್‌ಗೇ ಹೆಸರಾದ ಸ್ಟ್ರೈಕರ್. 2002ರಲ್ಲಿ ಸತ್ತಾಗ ಬರೀ 59 ವರ್ಷ. ವರ್ಷಗಟ್ಟಲೆ ಬಾಲ್ ಹೆಡ್ ಮಾಡಿದ್ದಕ್ಕೆ ಬಂದ ವೃತ್ತಿ ಸಂಬಂಧಿ ಕಾಯಿಲೆ ಅಂತ ಸಾವಿನ ವಿಚಾರಣೆಯಲ್ಲಿ ತೀರ್ಪಾಯ್ತು. 2019ರಲ್ಲಿ ಗ್ಲಾಸ್ಗೋದಿಂದ ಬಂದ ಅಧ್ಯಯನದಲ್ಲಿ ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನ ಜನಸಾಮಾನ್ಯರ ಜೊತೆ ಹೋಲಿಸಿ ನೋಡಿದ್ರು. ಡಿಮೆನ್ಷಿಯಾ ಥರದ ಮಿದುಳಿನ ಕಾಯಿಲೆಗಳಿಂದ ಸಾಯೋ ಸಾಧ್ಯತೆ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಜಾಸ್ತಿ. ಆಮೇಲೆ ಯಾರು ಮೈದಾನದ ಯಾವ ಜಾಗದಲ್ಲಿ ಆಡ್ತಿದ್ರು ಅಂತ ಬಿಡಿಸಿ ನೋಡಿದಾಗ ಡಿಫೆಂಡರ್‌ಗಳಿಗೆ ಅಪಾಯ ಎಲ್ಲರಿಗಿಂತ ಜಾಸ್ತಿ, ಗೋಲ್‌ಕೀಪರ್‌ಗಳಿಗೆ ಜನಸಾಮಾನ್ಯರಷ್ಟೇ. ಗೋಲ್‌ಕೀಪರ್ ಬಾಲನ್ನ ಕೈಯಲ್ಲಿ ಹಿಡೀತಾನೆ, ಡಿಫೆಂಡರ್ ತಲೆ ಕೊಡ್ತಾನೆ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವರೆಲ್ಲ ಹತ್ತಾರು ವರ್ಷ ಅದೇ ಕೆಲಸ ಮಾಡಿದವರು, ವಾರಕ್ಕೆ ಮೂರು ದಿನ ಆಡೋ ಮಕ್ಕಳಿಗೂ ಅದೇ ಆಗುತ್ತೆ ಅಂತ ನಾನು ಹೇಳ್ತಿಲ್ಲ, ಮಕ್ಕಳನ್ನ ಆಟದಿಂದ ಬಿಡಿಸಿ ಅಂತ ಅಂತೂ ಖಂಡಿತ ಹೇಳ್ತಿಲ್ಲ. ಲೆಕ್ಕ ಇಡಿ ಅಂತಿದೀನಿ ಅಷ್ಟೇ. ಕ್ರಿಕೆಟ್‌ನಲ್ಲಿ ಚಿಕ್ಕ ಹುಡುಗ ಫಾಸ್ಟ್ ಬೌಲಿಂಗ್ ಮಾಡಿದ್ರೆ ಬೆನ್ನು ಹಾಳಾಗುತ್ತೆ ಅಂತ ಓವರ್ ಎಣಿಸ್ತೀವಲ್ವಾ, ತಲೆಗೆ ಯಾಕೆ ಎಣಿಸಲ್ಲ?

ಎಣಿಸೋರು ಇದಾರೆ. ಅಮೆರಿಕದಲ್ಲಿ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡಿಂಗ್ ಬೇಡ, 11ರಿಂದ 13 ವರ್ಷದವರಿಗೆ ಪ್ರಾಕ್ಟೀಸ್‌ನಲ್ಲಿ ಮಿತಿ ಅಂತ ಮಾಡಿದ್ರು. ಇಂಗ್ಲೆಂಡ್‌ನಲ್ಲಿ 2020ರಲ್ಲಿ ಪ್ರೈಮರಿ ಮಕ್ಕಳ ಟ್ರೈನಿಂಗ್‌ನಿಂದ ಹೆಡಿಂಗ್ ತೆಗೆಯೋಕೆ ಹೇಳಿದ್ರು, 2021ರಲ್ಲಿ ದೊಡ್ಡ ಪ್ರೊಫೆಷನಲ್ ಆಟಗಾರರಿಗೇ ಟ್ರೈನಿಂಗ್‌ನಲ್ಲಿ ವಾರಕ್ಕೆ ಹತ್ತೇ ಜೋರಾದ ಹೆಡರ್ ಅಂತ ಸಲಹೆ ಕೊಟ್ರು, ಜೋರಾದದ್ದು ಅಂದ್ರೆ ಕಾರ್ನರ್, ಕ್ರಾಸ್, ಫ್ರೀ ಕಿಕ್, ದೂರದಿಂದ ಬರೋ ಪಾಸ್ ಇಂಥವು. ದುಡ್ಡು ತಗೊಂಡು ಆಡೋ ಗಟ್ಟಿ ಮೈಯವರಿಗೆ ವಾರಕ್ಕೆ ಹತ್ತು, ನನ್ನ ಮಗಳಿಗೆ ಒಂದೇ ಸಂಜೆ ಲೆಕ್ಕ ಇಲ್ಲದಷ್ಟು!

ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಕನ್ಕಶನ್ (ಪೆಟ್ಟಿಂದ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗೋದು) ಅಂತಲೇ ತಿಳ್ಕೊಂಡು ನೋಡ್ಕೊಳ್ಳಿ ಅಂದ್ರು. ಮೊದಲ ಎರಡು ದಿನ ವಿಶ್ರಾಂತಿ, ಮೊಬೈಲ್ ಕಡಿಮೆ, ಆಮೇಲೆ ನಿಧಾನಕ್ಕೆ ನಡಿಗೆ, ಓಟ, ಮೂರು ವಾರ ಮ್ಯಾಚ್ ಇಲ್ಲ. ತಲೆನೋವು ಹೆಚ್ಚುತ್ತಾ ಹೋದ್ರೆ, ಪದೇ ಪದೇ ವಾಂತಿ ಆದ್ರೆ, ಎಬ್ಬಿಸಿದ್ರೂ ಏಳದಷ್ಟು ಮಂಪರು ಬಂದ್ರೆ, ಫಿಟ್ಸ್ ಬಂದ್ರೆ, ಮಾತು ತೊದಲಿದ್ರೆ, ಕೈಕಾಲಲ್ಲಿ ಶಕ್ತಿ ಇಲ್ಲ ಅಂದ್ರೆ ಒಂದು ನಿಮಿಷ ಕಾಯದೆ ಎಮರ್ಜೆನ್ಸಿಗೆ ಓಡಬೇಕು ಅಂದ್ರು. ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ, ಬಹಳಷ್ಟು ಕನ್ಕಶನ್‌ನಲ್ಲಿ ಪ್ರಜ್ಞೆ ತಪ್ಪೋದೇ ಇಲ್ಲ. 2014ರ ವರ್ಲ್ಡ್ ಕಪ್ ಫೈನಲ್ ನೆನಪಿದೆಯಾ, ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಏಟು ಬಿದ್ದ ಮೇಲೂ ಸುಮಾರು ಕಾಲು ಗಂಟೆ ಆಡಿದ, ಇದು ಫೈನಲ್ಲಾ ಅಂತ ರೆಫರಿಯನ್ನೇ ಕೇಳಿದ್ದ! ಕೋಟ್ಯಂತರ ಜನ ನೋಡೋ ಮ್ಯಾಚಲ್ಲೇ ಹೀಗಾದ್ರೆ ಮಕ್ಕಳ ಮೈದಾನದಲ್ಲಿ ಯಾರು ನೋಡ್ತಾರೆ? ಅದಕ್ಕೇ ಡೌಟ್ ಬಂದ ತಕ್ಷಣ ಆಚೆ ಕೂರಿಸಬೇಕು, ಅವತ್ತು ಮತ್ತೆ ಇಳಿಸಲೇಬಾರದು. ಮಕ್ಕಳು "ನಾನು ಸರಿ ಇದೀನಿ" ಅಂತಲೇ ಹೇಳ್ತಾರೆ, ಆಡೋ ಆಸೆ ಅಷ್ಟಿರುತ್ತೆ, ಅದನ್ನ ನಂಬ್ಕೊಂಡು ಇಳಿಸೋ ದೊಡ್ಡವರ ಮೇಲೆ ನನಗೆ ಸಿಟ್ಟು.

ಆಮೇಲೆ ಕೋಚ್ ಜೊತೆ ಎರಡು ಸಲ ಕೂತು ಮಾತಾಡಿದೆ. ಮೊದಲು ಮುಖ ಸಪ್ಪೆ ಮಾಡ್ಕೊಂಡ್ರು, ಆಮೇಲೆ ಕೇಳಿಸ್ಕೊಂಡ್ರು. ಮೊದಲ ಬದಲಾವಣೆ ಬಾಲ್‌ದು. ಈ ವಯಸ್ಸಿಗೆ ಸೈಜ್ 4 ಸಾಕು, ಇವರು ದೊಡ್ಡವರ ಸೈಜ್ 5 ಕೊಡ್ತಿದ್ರು, ಅದೂ ಕಲ್ಲಿನ ಥರ ಗಾಳಿ ತುಂಬಿಸಿ. ರೂಲ್ ಪ್ರಕಾರವೇ ಗಾಳಿಯ ಒತ್ತಡ 0.6ರಿಂದ 1.1 ಅಟ್ಮಾಸ್ಫಿಯರ್ ತನಕ ಇರಬಹುದು, ಅಂದ್ಮೇಲೆ ಕೆಳಗಿನ ಅಂಚಲ್ಲಿ ಇಟ್ರೆ ಯಾರ ಗಂಟು ಹೋಗುತ್ತೆ? ಹೆಡಿಂಗ್ ಕಲಿಸೋವಾಗ ಈಗ ಹಗುರವಾದ ಸ್ಪಂಜ್ ಬಾಲ್, ಹತ್ತಿರದಿಂದ ಕೈಯಲ್ಲಿ ಎಸೆಯೋದು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಗಲ್ಲ ಒಳಗೆ, ಕತ್ತು ಬಿಗಿ, ಬಾಲ್ ತಗಲಬೇಕಾದ್ದು ಕೂದಲು ಶುರುವಾಗೋ ಜಾಗದ ಕೆಳಗೆ ಹಣೆಗೆ, ನೆತ್ತಿಗೋ ಕಿವಿ ಪಕ್ಕಕ್ಕೋ ಅಲ್ಲ. ಬಾಲ್ ತಾನಾಗಿ ಬಂದು ತಲೆಗೆ ಹೊಡೆಯೋ ಹಾಗೆ ನಿಂತುಬಿಟ್ರೆ ತಲೆ ಜಾಸ್ತಿ ಅಲುಗುತ್ತೆ. ವಾರ್ಮ್‌ಅಪ್‌ನಲ್ಲಿ ಕತ್ತಿನ ವ್ಯಾಯಾಮ ಸೇರಿಸಿದಾರೆ, ಅಂಗೈಯನ್ನ ಹಣೆಗೆ ಒತ್ತಿ ತಲೆ ಅಲುಗದ ಹಾಗೆ ಹಿಡಿಯೋದು, ಹಾಗೇ ಹಿಂದೆ, ಪಕ್ಕಕ್ಕೆ.

ತಲೆಗೆ ಹಾಕೋ ಪ್ಯಾಡ್ ಬ್ಯಾಂಡ್ ತರೋಣ ಅಂತ ಕೆಲವು ಅಪ್ಪ ಅಮ್ಮಂದಿರು ಕೇಳಿದ್ರು. ಚರ್ಮ ಹರಿಯೋದನ್ನ ಅದು ತಡೀಬಹುದು, ಆದ್ರೆ ಒಳಗೆ ಮಿದುಳು ಅಲುಗೋದನ್ನ ತಡೆಯುತ್ತೆ ಅಂತ ನಂಬಿ ಧೈರ್ಯ ತಗೋಬೇಡಿ. ಇನ್ನೊಂದು, ಹೆಡರ್‌ಗೆ ಹಾರಿದಾಗ ಆಗೋ ಕನ್ಕಶನ್ ಬಹುತೇಕ ಬಾಲಿಂದ ಅಲ್ಲ, ತಲೆಗೆ ತಲೆ ಡಿಕ್ಕಿ ಆಗಿ, ಮೊಣಕೈ ತಗಲಿ, ನೆಲಕ್ಕೆ ಬಿದ್ದು ಆಗೋದು. ಅದಕ್ಕೆ "ನಂದು" ಅಂತ ಜೋರಾಗಿ ಕೂಗಿ ಹಾರೋದನ್ನ ಕಲಿಸಬೇಕು, ಮೊಣಕೈ ಎತ್ತಿದ್ರೆ ರೆಫರಿ ಸುಮ್ನೆ ಬಿಡಬಾರದು.

ಮಗಳು ಈಗ ಮತ್ತೆ ಆಡ್ತಿದಾಳೆ. ಬ್ಯಾಗಲ್ಲಿ ಹೆಡರ್ ಲೆಕ್ಕಕ್ಕೆ ಅಂತ ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಂಡಿದಾಳೆ, ಈ ವಾರದ ಪುಟದಲ್ಲಿ ಆರು ಗೀಟು ಇದೆ. ತಲೆನೋವು ಅನ್ನೋ ಸಾಲಲ್ಲಿ "ಇಲ್ಲ" ಅಂತ ಬರೆದಿದಾಳೆ. ಮಕ್ಕಳಿಗೆ ಕೋಚಿಂಗ್ ಕೊಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಟೀಮಲ್ಲಿ ಹೆಡರ್ ಲೆಕ್ಕ ಹೇಗೆ ಇಡ್ತೀರ ಅಂತ ದಯವಿಟ್ಟು ಕೆಳಗೆ ಬರೀರಿ.