ಕೂದಲಿನ ವಿಷಯ ಅಂತ ನಗಬೇಡಿ

ಸೆಲ್ಫ್ ಕೇರ್ ಅಂದರೆ ನಮ್ಮಲ್ಲಿ ತುಂಬಾ ಜನರಿಗೆ ನಗು ಬರುತ್ತದೆ. ಮುಖಕ್ಕೆ ಏನೋ ಮೆತ್ತಿಕೊಂಡು, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿಟ್ಟು, ಫೋಟೊ ಹಾಕುವ ದುಡ್ಡಿದ್ದವರ ಶೋಕಿ ಅಂತ. ಆ ಫೋಟೊಗಳ ಮೇಲೆ ನನಗೂ ಅಂಥ ಪ್ರೀತಿ ಏನಿಲ್ಲ. ಆದರೆ ಯುರೋಪಿನ ಕಪ್ಪು ಹೆಣ್ಣುಮಕ್ಕಳು ಇದರ ಬಗ್ಗೆ ಬರೆದದ್ದನ್ನು ಓದುತ್ತಾ ಹೋದ ಹಾಗೆ ನನ್ನ ನಗು ನಿಂತಿದೆ. ಕೂದಲು, ಚರ್ಮ, ಹೆರಿಗೆ, ಬೇಜಾರು, ಬರವಣಿಗೆ, ಹೊಸ ಕೆಲಸದ ಮೊದಲ ದಿನ, ಎಲ್ಲವನ್ನೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹೊರಗಿನಿಂದ ನೋಡಿದರೆ ಹರಟೆ. ಆ ಹರಟೆ ಅವರಿಗೆ ಸುಮ್ನೆ ಸಿಕ್ಕಿದ್ದಲ್ಲ.

ಬರ್ಲಿನ್ ಕತೆ ಹೇಳುತ್ತೇನೆ. 1984ರಲ್ಲಿ ಅಮೆರಿಕದ ಕವಿ ಆಡ್ರೆ ಲಾರ್ಡ್ ಪಾಠ ಮಾಡಲು ಅಲ್ಲಿನ ಫ್ರೀ ಯೂನಿವರ್ಸಿಟಿಗೆ ಬಂದರು. ಕೆರಿಬಿಯನ್ ದ್ವೀಪಗಳಿಂದ ನ್ಯೂಯಾರ್ಕಿಗೆ ಬಂದಿದ್ದ ಅಪ್ಪ ಅಮ್ಮನ ಮಗಳು. ಈ ದೇಶದ ಕಪ್ಪು ಹೆಂಗಸರು ಎಲ್ಲಿದ್ದಾರೆ ಎಂದು ಹುಡುಕಿದರು. ಇದ್ದರು. ಆದರೆ ಅವರಿಗೇ ಪರಸ್ಪರ ಗೊತ್ತಿರಲಿಲ್ಲ. ಬಹಳ ಜನ ಬಿಳಿಯರ ಮನೆಗಳಲ್ಲಿ, ಬಿಳಿಯರೇ ತುಂಬಿದ ಊರುಗಳಲ್ಲಿ ಬೆಳೆದವರು. ತಮ್ಮಂಥ ಇನ್ನೊಂದು ಮುಖ ಕಾಣದೆ ದೊಡ್ಡವರಾದವರು. ಜರ್ಮನ್ ಬಿಟ್ಟರೆ ಬೇರೆ ಮನೆಮಾತಿಲ್ಲ, ಹುಟ್ಟಿದ್ದು ಅಲ್ಲೇ, ಆದರೂ ದಿನ ಬೆಳಗಾದರೆ "ನೀನು ಯಾವ ದೇಶದವಳು? ವಾಪಸ್ ಯಾವಾಗ ಹೋಗ್ತೀಯ?"

ಒಬ್ಬರನ್ನೊಬ್ಬರು ಹುಡುಕಿಕೊಳ್ಳಿ, ನಿಮ್ಮ ಬದುಕನ್ನು ನೀವೇ ಬರೆಯಿರಿ ಎಂದು ಲಾರ್ಡ್ ಆ ಹೆಂಗಸರ ಬೆನ್ನು ಹತ್ತಿದರು. 1986ರಲ್ಲಿ ಅವರೆಲ್ಲರ ಕತೆಗಳ ಪುಸ್ತಕ ಬಂತು. ತಮ್ಮನ್ನು ಆಫ್ರೋ-ಜರ್ಮನ್ ಎಂದು ಕರೆದುಕೊಂಡರು. ಆಡೆಫ್ರಾ ಎಂಬ ಕಪ್ಪು ಹೆಂಗಸರ ಸಂಘಟನೆ ಹುಟ್ಟಿದ್ದೂ ಆಗಲೇ. ಪುಸ್ತಕ ಸಂಪಾದಿಸಿದವರಲ್ಲಿ ಒಬ್ಬರು ಮೇ ಅಯಿಮ್. ಅಪ್ಪ ಘಾನಾದವರು, ಅಮ್ಮ ಜರ್ಮನ್. ಮಗುವಾಗಿದ್ದಾಗ ಅನಾಥಾಲಯ, ಆಮೇಲೆ ಬಿಳಿಯ ಸಾಕುಮನೆ. ಕವಿಯಾಗಿ ಬೆಳೆದರು. ಮಾತಿನ ತೊಂದರೆ ಇರುವವರಿಗೆ ಚಿಕಿತ್ಸೆ ಕೊಡುವ ಕೆಲಸವನ್ನೂ ಕಲಿತಿದ್ದರು. 1996ರಲ್ಲಿ ಮನಸ್ಸು ಕುಸಿಯಿತು, ಆಸ್ಪತ್ರೆ ಸೇರಿದರು, ಅಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆ ಇದೆ ಎಂದು ಗೊತ್ತಾಯಿತು. ಅದೇ ಆಗಸ್ಟ್‌ನಲ್ಲಿ ತಮ್ಮ ಜೀವ ತಾವೇ ಕಳೆದುಕೊಂಡರು. 36 ವರ್ಷ.

ಲಾರ್ಡ್‌ಗೆ ಕ್ಯಾನ್ಸರ್ ಇತ್ತು. ಮೊದಲು ಸ್ತನದಲ್ಲಿ, 1984ರಲ್ಲಿ ಲಿವರ್‌ನಲ್ಲಿ. ಚಿಕಿತ್ಸೆಗೂ ಬರ್ಲಿನ್‌ಗೆ ಬರುತ್ತಿದ್ದರು. ನನ್ನ ಆರೈಕೆ ನಾನು ಮಾಡಿಕೊಳ್ಳುವುದು ಭೋಗ ಅಲ್ಲ, ಜೀವ ಉಳಿಸಿಕೊಳ್ಳುವ ಕೆಲಸ, ಅದೂ ರಾಜಕೀಯದ ಯುದ್ಧವೇ ಎಂಬರ್ಥದ ಮಾತು ಅವರದ್ದು. ಆ ಕಾಯಿಲೆಯ ದಿನಗಳಲ್ಲಿ ಬರೆದದ್ದು. ಈಗ ಅದು ಕಾಫಿ ಕಪ್ಪಿನ ಮೇಲೆ, ಬಟ್ಟೆ ಬ್ಯಾಗಿನ ಮೇಲೆ ಮಾರಾಟಕ್ಕಿದೆ. ಲಿವರ್ ಕ್ಯಾನ್ಸರ್ ಇದ್ದವರು ಬರೆದದ್ದು ಅಂತ ಕಪ್ಪಿನ ಮೇಲೆ ಯಾರು ಹಾಕುತ್ತಾರೆ, ಅಲ್ವಾ?

ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ನಲ್ಲಿ ನದಿ ದಂಡೆಯ ಒಂದು ರಸ್ತೆಗೆ 2010ರಲ್ಲಿ ಮೇ ಅಯಿಮ್ ಹೆಸರಿಟ್ಟರು. ಮೊದಲು ಅದಕ್ಕೆ ಗ್ರೋಬೆನ್ ಎಂಬವನ ಹೆಸರಿತ್ತು. 17ನೇ ಶತಮಾನದಲ್ಲಿ ಈಗಿನ ಘಾನಾದ ಕರಾವಳಿಗೆ ಹೋಗಿ ಕೋಟೆ ಕಟ್ಟಿ, ಗುಲಾಮರ ವ್ಯಾಪಾರಕ್ಕೆ ದಾರಿ ಮಾಡಿದವನು. ರಸ್ತೆಗಳ ಹೆಸರು ಬದಲಿಸುವ ಹುಚ್ಚು ನಮ್ಮಲ್ಲೂ ಜಾಸ್ತಿ, ನನಗದು ಅಷ್ಟಾಗಿ ಹಿಡಿಸುವುದಿಲ್ಲ. ಈ ಒಂದು ಬದಲಾವಣೆಗೆ ಮಾತ್ರ ಚಪ್ಪಾಳೆ ಹೊಡೆದೆ.

ಇನ್ನು ಕೂದಲು. ಜರ್ಮನಿಯ ಕಪ್ಪು ಜನರ ಅನುಭವ ಕೇಳಿ ಮಾಡಿದ ಆಫ್ರೋಸೆನ್ಸಸ್ ಎಂಬ ಸಮೀಕ್ಷೆ 2021ರಲ್ಲಿ ಬಂತು. ಕೇಳದೆಯೇ ಜನ ನಮ್ಮ ಕೂದಲಿಗೆ ಕೈ ಹಾಕುತ್ತಾರೆ ಎಂದು ಹೇಳಿದವರು ಹತ್ತರಲ್ಲಿ ಒಂಬತ್ತು ಮಂದಿ. ಬಸ್ಸಿನಲ್ಲಿ, ಆಫೀಸಿನಲ್ಲಿ, ಯಾರೋ ಬಂದು ತಲೆ ಮುಟ್ಟಿ "ಅಯ್ಯೋ, ಎಷ್ಟು ಮೆತ್ತಗಿದೆ" ಅನ್ನುವುದನ್ನು ಒಮ್ಮೆ ಊಹಿಸಿಕೊಳ್ಳಿ. ಪ್ರೀತಿಯಿಂದಲೇ ಮುಟ್ಟಿರಬಹುದು. ಮುಟ್ಟಿಸಿಕೊಂಡವಳು ಅವತ್ತು ಎಷ್ಟನೇ ಸಲ ಮುಟ್ಟಿಸಿಕೊಂಡಳು ಅನ್ನುವುದು ಅವರಿಗೇನು ಗೊತ್ತು?

ಈಜಿನ ಟೋಪಿಯ ಕತೆ ಇನ್ನೂ ವಿಚಿತ್ರ. ಲಂಡನ್ನಿನ ಸೋಲ್ ಕ್ಯಾಪ್ ಕಂಪನಿ ದಪ್ಪ ಗುಂಗುರು ಕೂದಲು, ಹೆಣೆದ ಜಡೆಗಳು ಹಿಡಿಸುವಂಥ ದೊಡ್ಡ ಟೋಪಿ ಮಾಡುತ್ತದೆ. ಮಾಮೂಲಿ ಟೋಪಿಯಲ್ಲಿ ಆ ಕೂದಲು ಕೂರುವುದಿಲ್ಲ, ಕ್ಲೋರಿನ್ ನೀರು ತಾಗಿದರೆ ಒಣಗಿ ಮುರಿಯುತ್ತದೆ. 2021ರಲ್ಲಿ, ಟೋಕಿಯೊ ಒಲಿಂಪಿಕ್ಸ್‌ಗೆ ಮುಂಚೆ, ಅಂತರರಾಷ್ಟ್ರೀಯ ಈಜು ಸಂಸ್ಥೆ ಫಿನಾ ಈ ಟೋಪಿಗೆ ಒಪ್ಪಿಗೆ ಕೊಡಲಿಲ್ಲ. ತಲೆಯ ಸಹಜ ಆಕಾರಕ್ಕೆ ಇದು ಹೊಂದುವುದಿಲ್ಲ ಅನ್ನುವುದು ಒಂದು ಕಾರಣ. ಯಾರ ತಲೆ ಸಹಜ? ಅದೇ ಒಲಿಂಪಿಕ್ಸ್‌ನಲ್ಲಿ ಆಲಿಸ್ ಡಿಯರಿಂಗ್ ಬ್ರಿಟನ್ ಪರ ಈಜಿದರು. ಒಲಿಂಪಿಕ್ಸ್ ಈಜಿನಲ್ಲಿ ಆ ದೇಶವನ್ನು ಪ್ರತಿನಿಧಿಸಿದ ಮೊದಲ ಕಪ್ಪು ಮಹಿಳೆ ಅವರು. 2021ರವರೆಗೆ ಒಬ್ಬರೂ ಇರಲಿಲ್ಲ! ಜನರ ಗಲಾಟೆಯ ನಂತರ 2022ರಲ್ಲಿ ಟೋಪಿಗೆ ಒಪ್ಪಿಗೆ ಸಿಕ್ಕಿತು. ಕೂದಲು ಹಾಳಾಗುತ್ತದೆ ಎಂದು ಎಷ್ಟು ಹುಡುಗಿಯರು ಈಜುಕೊಳದಿಂದ ದೂರ ಉಳಿದರೋ.

ಹೆರಿಗೆಯ ವಿಷಯಕ್ಕೆ ಬಂದರೆ ನಗುವವರೂ ಸುಮ್ಮನಾಗುತ್ತಾರೆ. ಬ್ರಿಟನ್ನಿನಲ್ಲಿ ಬಸಿರು, ಬಾಣಂತನದ ಹೊತ್ತಿನಲ್ಲಿ ಕಪ್ಪು ಹೆಂಗಸರು ಸಾಯುವ ಸಂಭವ ಬಿಳಿಯರಿಗಿಂತ ಐದು ಪಟ್ಟು ಎಂದು 2018ರ ವರದಿ ಹೇಳಿತು. ಆಮೇಲಿನ ವರದಿಗಳಲ್ಲಿ ಅಂತರ ಇಳಿದಿದೆ, ಹೋಗಿಲ್ಲ. ಟಿನುಕೆ ಆವೆ, ಕ್ಲೋಟಿಲ್ಡ್ ಅಬೆ ಎಂಬ ಇಬ್ಬರು ತಾಯಂದಿರು ಫೈವ್ ಎಕ್ಸ್ ಮೋರ್ ಎಂಬ ಸಂಘಟನೆ ಕಟ್ಟಿದ್ದು ಈ ಕಾರಣಕ್ಕೆ. ನೋವು ಅಂದರೆ ನೋವು ಅಂತ ಗಟ್ಟಿಯಾಗಿ ಹೇಳಿ, ಇನ್ನೊಬ್ಬ ಡಾಕ್ಟರನ್ನು ಕೇಳಿ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಇಂಥ ಮಾತುಗಳನ್ನು ಬಸುರಿಯರು ಹಂಚಿಕೊಂಡರೆ ಅದನ್ನು ಹರಟೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಫ್ರಾನ್ಸಿನಲ್ಲಿ ಜಗಳ ಬೇರೆ ಥರ. 2017ರಲ್ಲಿ ಮ್ವಾಸಿ ಎಂಬ ಕಪ್ಪು ಸ್ತ್ರೀವಾದಿಗಳ ಗುಂಪು ಪ್ಯಾರಿಸ್‌ನಲ್ಲಿ ನ್ಯಾನ್ಸಾಪೊ ಎಂಬ ಹಬ್ಬ ಇಟ್ಟುಕೊಂಡಿತು. ಕೆಲವು ಸಭೆ ಎಲ್ಲರಿಗೂ, ಕೆಲವು ಕಪ್ಪು ಹೆಂಗಸರಿಗೆ ಮಾತ್ರ. ಬಲಪಂಥದವರು ಬೊಬ್ಬೆ ಹಾಕಿದರು. ಎಡಪಂಥದ ಮೇಯರ್ ಆನ್ ಇಡಾಲ್ಗೊ ಕೂಡ ನಿಷೇಧಿಸಬೇಕು ಎಂದರು. ಕೊನೆಗೆ ತೆರೆದ ಸಭೆ ಸಾರ್ವಜನಿಕ ಜಾಗದಲ್ಲಿ, ಮುಚ್ಚಿದ ಸಭೆ ಖಾಸಗಿ ಜಾಗದಲ್ಲಿ ಎಂದು ಇತ್ಯರ್ಥ ಆಯಿತು. ನಮ್ಮ ಯೋಜನೆ ಮೊದಲಿನಿಂದ ಅದೇ ಇತ್ತಲ್ಲ ಎಂದು ಮ್ವಾಸಿಯವರು ಹೇಳಿದರು! ಬೇರೆಯಾಗಿ ಕೂತರೆ ಒಡಕು ಅನ್ನುವವರ ವಾದ ನನಗೆ ಪೂರ್ತಿ ಅರ್ಥವಾಗದೇ ಇಲ್ಲ. ಆದರೆ ದಿನವಿಡೀ ಬೇರೆಯವರಿಗೆ ವಿವರಣೆ ಕೊಟ್ಟು ಸುಸ್ತಾದವರು ಎರಡು ಗಂಟೆ ವಿವರಣೆ ಇಲ್ಲದೆ ಮಾತಾಡಿದರೆ ದೇಶ ಮುಳುಗುತ್ತದಾ?

ಇದು ಹೊಸದೂ ಅಲ್ಲ. 1930ರ ಸುಮಾರಿಗೆ ಪ್ಯಾರಿಸ್ ಪಕ್ಕದ ಕ್ಲಾಮಾರ್‌ನಲ್ಲಿ ಮಾರ್ಟಿನಿಕ್ ದ್ವೀಪದ ನಾರ್ದಾಲ್ ಸಹೋದರಿಯರ ಮನೆಯಲ್ಲಿ ಭಾನುವಾರ ಕಪ್ಪು ಬರಹಗಾರರು ಸೇರುತ್ತಿದ್ದರು. ಪೊಲೆಟ್ ನಾರ್ದಾಲ್ ಪತ್ರಿಕೆಯನ್ನೂ ನಡೆಸಿದರು. ಅಲ್ಲಿ ಮೊಳೆತ, ನೆಗ್ರಿಟ್ಯೂಡ್ ಎಂಬ ಕಪ್ಪು ಸ್ವಾಭಿಮಾನದ ವಿಚಾರದಿಂದ ಹೆಸರು ಬಂದದ್ದು ಮಾತ್ರ ಸೆಂಘೋರ್, ಸೆಜೇರ್ ಎಂಬ ಗಂಡಸರಿಗೆ. ಮನೆ ಇವರದ್ದು, ಹೆಸರು ಅವರದ್ದು.

ಹೆಸರು ಅಂದಾಗ ಕಲಾವಿದೆ ಸೋನಿಯಾ ಬಾಯ್ಸ್ ನೆನಪಾಗುತ್ತಾರೆ. 1999ರಲ್ಲಿ ಲಿವರ್‌ಪೂಲ್‌ನ ಹೆಂಗಸರ ಜೊತೆ ಕೂತು ಬ್ರಿಟನ್ನಿನ ಕಪ್ಪು ಹಾಡುಗಾರ್ತಿಯರ ಹೆಸರು ನೆನಪಿಸಿಕೊಳ್ಳಲು ಹೊರಟರು. ಶರ್ಲಿ ಬ್ಯಾಸಿಯಿಂದ ಶುರುವಾದ ಪಟ್ಟಿ ವರ್ಷಗಟ್ಟಲೆ ಬೆಳೆಯಿತು. 2022ರ ವೆನಿಸ್ ಬಿಯನಾಲೆ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ ಬ್ರಿಟನ್ ಪರ ಹೋದ ಮೊದಲ ಕಪ್ಪು ಮಹಿಳೆ ಅವರೇ. ಹಾಡುಗಾರ್ತಿಯರನ್ನು ಒಟ್ಟಿಗೆ ಹಾಡಿಸಿ ಮಾಡಿದ ಕೆಲಸಕ್ಕೆ ಅಲ್ಲಿನ ಗೋಲ್ಡನ್ ಲಯನ್ ಪ್ರಶಸ್ತಿ ಸಿಕ್ಕಿತು.

ನನಗೆ ಒಂದು ತಕರಾರು ಇದೆ. ಚೆಂದದ ಜಡೆಗಳ ಫೋಟೊ ನೋಡುವಾಗ ಅದನ್ನು ಗಂಟೆಗಟ್ಟಲೆ ನಿಂತು ಹೆಣೆದವರ ಕೈ ಕಾಣಿಸುವುದಿಲ್ಲ. ಪ್ಯಾರಿಸ್‌ನ ಶಾತೋ ದೋ ಮೆಟ್ರೊ ಸುತ್ತ ಆಫ್ರಿಕನ್ ಸಲೂನ್‌ಗಳ ಸಾಲೇ ಇದೆ. 2014ರಲ್ಲಿ ಅಲ್ಲಿನ ಬುಲ್ವಾರ್ ದ ಸ್ಟ್ರಾಸ್‌ಬೂರ್ಗ್‌ನಲ್ಲಿ ಕೆಲಸದವರು ಸ್ಟ್ರೈಕ್ ಮಾಡಿದರು. ಕಾಗದಪತ್ರ ಇಲ್ಲದ ಆಫ್ರಿಕನ್ನರು, ಜೊತೆಗೆ ಉಗುರಿಗೆ ಬಣ್ಣ ಹಾಕುವ ಚೀನಿಯರು. ಸಂಬಳ ಬಾಕಿ ಇತ್ತು, ಕೇಳಿದರೆ ಬೆದರಿಕೆ. ಸಿಜಿಟಿ ಕಾರ್ಮಿಕ ಸಂಘದ ಬೆಂಬಲದಿಂದ ತಿಂಗಳುಗಟ್ಟಲೆ ಸಲೂನಿನಲ್ಲೇ ಕೂತರು. ಮರುವರ್ಷ ವಾಸದ ಪರವಾನಗಿ ಸಿಕ್ಕಿತು. ಆರೈಕೆಯ ಮಾತಿನಲ್ಲಿ ಇವರೂ ಇರಬೇಕಲ್ಲ.

ಹಾಗೆ ನೋಡಿದರೆ ಈ ಸಾಲು ನಮ್ಮ ಊರಿನವರೆಗೂ ಬರುತ್ತದೆ. ವಿಗ್‌ಗೆ, ಚೌರಿಗೆ ಬಳಸುವ ಕೂದಲಿನಲ್ಲಿ ಭಾರತದ್ದು ದೊಡ್ಡ ಪಾಲು. ತಿರುಪತಿಯಲ್ಲಿ ಕೊಟ್ಟ ಮುಡಿ ಹರಾಜಾಗುತ್ತದೆ. ಬಾಚಣಿಕೆಗೆ ಬಂದದ್ದನ್ನು ಸುತ್ತಿಟ್ಟು ಪಾತ್ರೆ ಕೊಡುವವರಿಗೆ ಹಾಕುತ್ತೇವಲ್ಲ, ಅದೂ ವ್ಯಾಪಾರವೇ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಹೆಂಗಸರು ದಿನವಿಡೀ ಕೂತು ಈ ಕೂದಲಿನ ಸಿಕ್ಕು ಬಿಡಿಸುತ್ತಾರೆ, ಉದ್ದ ನೋಡಿ ಬೇರೆ ಮಾಡುತ್ತಾರೆ. ಅಲ್ಲಿಂದ ಅದು ಹೊರದೇಶಗಳಿಗೆ ಹೋಗುತ್ತದೆ. ದೂಳು, ಬೆನ್ನುನೋವು ಇವರ ಪಾಲಿಗೆ. ಕೊಪ್ಪಳದ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಈಗ ದಿನಗೂಲಿ ಎಷ್ಟಿದೆ, ಮಾಸ್ಕು, ಇಎಸ್‌ಐ ಏನಾದರೂ ಸಿಗುತ್ತದಾ ಅಂತ ಕಾಮೆಂಟಿನಲ್ಲಿ ಬರೆಯಿರಿ. ಮನೆಯಲ್ಲೇ ಯಾರಾದರೂ ಆ ಕೆಲಸ ಮಾಡಿದ್ದರೆ ಅವರಿಂದಲೇ ಬರೆಸಿ.