ಎದೆನೋವು ಅಂದೆ, ಇಸಿಜಿ ಮಾಡಿದರು

ಎರಡು ವರ್ಷದ ಹಿಂದಿನ ಮಾತು. ಪಿರಿಯಡ್ಸ್‌ಗೆ ಇನ್ನೂ ಹತ್ತು ದಿನ ಇತ್ತು. ಎರಡೂ ಕಡೆ ಎದೆ ಗಡುಸಾಗಿ, ಭಾರವಾಗಿ, ಕಂಕುಳವರೆಗೂ ಎಳೆಯುತ್ತಿತ್ತು. ಸ್ಕೂಟರ್ ಹಂಪ್ ಹತ್ತಿ ಇಳಿದರೆ ಜೀವ ಹೋದ ಹಾಗೆ ಆಗುತ್ತಿತ್ತು. ಸಂಜೆ ಮಗಳು ಸ್ಕೂಲಿಂದ ಓಡಿ ಬಂದು ತಬ್ಬಿಕೊಂಡಳು. ನೋವಿಗೆ ಅವಳನ್ನು ತಳ್ಳಿಬಿಟ್ಟೆ. ಪಾಪ, ಅವಳ ಮುಖ ಇಷ್ಟಗಲ ಇದ್ದಿದ್ದು ಸಣ್ಣಗಾಯಿತು. ಮಾರನೇ ದಿನವೇ ಡಾಕ್ಟರ್ ಹತ್ತಿರ ಹೊರಟೆ.

ಮೈಸೂರಿನದೇ ಒಂದು ಕ್ಲಿನಿಕ್. ಕೌಂಟರ್‌ನಲ್ಲಿ ಗಂಡಸರು ಕೂತಿದ್ದರು, ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. ಏನು ತೊಂದರೆ ಅಂತ ಕೇಳಿದರು. ‘ಎದೆನೋವು’ ಅಂದೆ. ತಕ್ಷಣ ಮಲಗಿಸಿ ಇಸಿಜಿ ಮಾಡಿದರು. ಹಾರ್ಟ್ ಚೆನ್ನಾಗಿದೆ, ಗ್ಯಾಸ್ಟ್ರಿಕ್ ಇರಬೇಕು ಅಂತ ಮಾತ್ರೆ ಬರೆದುಕೊಟ್ಟರು. ನಾನು ಬಾಯಿಬಿಟ್ಟು ಹೇಳಲಿಲ್ಲ, ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಆ ಮಾತ್ರೆ ಹಿಡಿದುಕೊಂಡು ಮನೆಗೆ ಬಂದು ಅತ್ತೆ.

ಹೇಗೆ ಹೇಳೋದು ಹೇಳಿ? ‘ಸ್ತನ’ ಅನ್ನೋದು ಪೇಪರ್‌ನಲ್ಲಿ ಓದುವ ಪದ, ಬಾಯಲ್ಲಿ ಬರೋದಿಲ್ಲ. ‘ಮೊಲೆ’ ಅಂತ ನಮ್ಮಜ್ಜಿ ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ಈಗ ಆ ಒಳ್ಳೇ ಪದವನ್ನೂ ಹೊಲಸು ಮಾಡಿಟ್ಟಿದ್ದೇವೆ. ಉಳಿದಿದ್ದು ‘ಎದೆ’ ಒಂದೇ. ಅದು ಹೃದಯಕ್ಕೂ ಆಯಿತು, ಇದಕ್ಕೂ ಆಯಿತು.

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ಮದ್ದೂರು ಕಡೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಂಗೂ ಹಂಗೇ ಆಯ್ತಿತ್ತು ಕಣವ್ವ. ಮುಟ್ಟಾಗೋಕ್ ಮುಂಚೆ ಬಿಂದ್ಗೆ ಎತ್ತಿ ಸೊಂಟಕ್ ಇಕ್ಕೊಳಕ್ಕೇ ಆಯ್ತಿರ್ನಿಲ್ಲ’ ಅಂದರು. ನನಗೆ ಆಗ 38 ವರ್ಷ. ಅಷ್ಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಈ ಮಾತು ಬಂದಿದ್ದು ಅದೇ ಮೊದಲು.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ನಾವೆಲ್ಲ ಇದಕ್ಕೆ ಹೆರಿಗೆ ಡಾಕ್ಟರನ್ನೇ ಹುಡುಕಿಕೊಂಡು ಹೋಗುತ್ತೇವೆ. ಎದೆಯ ಗಂಟು, ನೋವು ಎಲ್ಲಾ ನೋಡೋದು ಸಾಮಾನ್ಯವಾಗಿ ಸರ್ಜರಿ ವಿಭಾಗದವರು. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ. ಸರ್ಜನ್ ಅಂದ ತಕ್ಷಣ ಆಪರೇಷನ್ ಅಂತ ಹೆದರಬೇಡಿ. ನನ್ನನ್ನು ನೋಡಿದ ಡಾಕ್ಟರಮ್ಮ ಎರಡೂ ಕಡೆ, ಕಂಕುಳು, ಎಲ್ಲಾ ಕೈಯಲ್ಲಿ ಪರೀಕ್ಷೆ ಮಾಡಿ, ಸ್ಕ್ಯಾನಿಂಗ್ ಮಾಡಿಸಿ, ಆಮೇಲೆ ಎದುರಿಗೆ ಕೂರಿಸಿಕೊಂಡು ಮಾತಾಡಿದರು.

ಅವರು ಹೇಳಿದ್ದು ಇಷ್ಟು. ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನ್‌ಗಳಿಂದ ಎದೆಯ ಹಾಲಿನ ಗ್ರಂಥಿಗಳು ಊದಿಕೊಳ್ಳುತ್ತವೆ, ನೀರು ನಿಲ್ಲುತ್ತದೆ. ಅದಕ್ಕೇ ಎರಡೂ ಕಡೆ ಭಾರ. ಮುಟ್ಟು ಶುರುವಾದರೆ ಇಳಿಯುತ್ತದೆ. ಇಂಥ ನೋವು ಮಾತ್ರ ಇದ್ದರೆ ಅದು ಕ್ಯಾನ್ಸರ್ ಆಗಿರೋದು ತುಂಬಾ ಅಪರೂಪ. ಆದರೆ ಗಂಟು ಸಿಕ್ಕರೆ, ಒಂದೇ ಕಡೆ ಒಂದೇ ಜಾಗದಲ್ಲಿ ನೋವು ಕೂತಿದ್ದರೆ, ತೊಟ್ಟಿನಿಂದ ರಕ್ತ ಬಂದರೆ, ತೊಟ್ಟು ಒಳಗೆ ಹೋದರೆ, ಚರ್ಮ ಕಿತ್ತಳೆ ಸಿಪ್ಪೆ ಥರ ಆದರೆ, ಮುಟ್ಟು ನಿಂತ ಮೇಲೆ ಹೊಸದಾಗಿ ನೋವು ಬಂದರೆ, ಆಗ ಮನೆಮದ್ದು ಅಂತ ಕೂರಬಾರದು. ನಾನು ಮುಂದೆ ಬರೆಯೋ ಊಟದ ವಿಷಯ ಎಲ್ಲಾ ತೋರಿಸಿಕೊಂಡು ಬಂದ ಮೇಲಿನ ಮಾತು.

ಮೊದಲು ಕಾಫಿ. ಯಾರನ್ನು ಕೇಳಿದರೂ ಕಾಫಿ ಬಿಡು ಅಂದರು. ಫಿಲ್ಟರ್ ಕಾಫಿ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಿದ್ದವಳು ಒಂದೇ ಸಲಕ್ಕೆ ಬಿಟ್ಟೆ. ಮೂರು ದಿನ ತಲೆನೋವಿಂದ ಒದ್ದಾಡಿದೆ. ಎರಡು ತಿಂಗಳು ನೋಡಿದೆ, ಎದೆನೋವು ಇದ್ದ ಹಾಗೇ ಇತ್ತು. ಕಾಫಿ ಬಿಟ್ಟವರನ್ನೂ ಬಿಡದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲವಂತೆ. ಕೆಲವು ಹೆಂಗಸರಿಗೆ ಬಿಟ್ಟ ಮೇಲೆ ಹಾಯಾಗಿದೆ, ಅದೂ ಸುಳ್ಳಲ್ಲ. ನನಗೆ ಆಗಲಿಲ್ಲ. ಈಗ ಬೆಳಿಗ್ಗೆ ಒಂದು, ಸಂಜೆ ಒಂದು ನೆಮ್ಮದಿಯಾಗಿ ಕುಡಿಯುತ್ತೇನೆ.

ವ್ಯತ್ಯಾಸ ಕಂಡಿದ್ದು ಎಣ್ಣೆಯಲ್ಲಿ. 1988ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಣ್ಣ ಪ್ರಯೋಗ ಬಂದಿತ್ತು. ಇಂಥದೇ ನೋವಿದ್ದ 21 ಹೆಂಗಸರು. ಕೆಲವರಿಗೆ ಆರು ತಿಂಗಳು ಊಟದ ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು 15 ಪರ್ಸೆಂಟ್‌ಗೆ ಇಳಿಸಿದರು. ಅವರಿಗೆ ನೋವೂ ಊತವೂ ಕಡಿಮೆಯಾಯಿತು. ಬರೀ 21 ಜನ, ಅದನ್ನು ಮರೆಯಬಾರದು. ಆದರೆ ಇದನ್ನು ಓದಿ ನಾನು ನನ್ನ ಅಡುಗೆಮನೆ ಲೆಕ್ಕ ಹಾಕಿದೆ. ಮೂರು ಜನರ ಸಂಸಾರಕ್ಕೆ ತಿಂಗಳಿಗೆ 5 ಲೀಟರ್ ಕ್ಯಾನ್ ಖಾಲಿ. ಅಂದರೆ ತಲೆಗೆ ದಿನಕ್ಕೆ 50 ಗ್ರಾಂ ಎಣ್ಣೆ! ತುಪ್ಪ, ಬೆಣ್ಣೆ, ಹೊರಗಡೆ ತಿಂದ ಬೋಂಡ, ಮದ್ದೂರು ವಡೆ ಇದರ ಮೇಲೆ. ಲೆಕ್ಕದ ಚೀಟಿ ಹಿಡಿದುಕೊಂಡು ಒಲೆ ಮುಂದೆ ಹಾಗೇ ನಿಂತುಬಿಟ್ಟೆ.

ನನಗೆ ಬೇಜಾರಾಗಿದ್ದು ಏನು ಗೊತ್ತಾ? ನಾನು ಹುಟ್ಟಿ ಬೆಳೆದ ಮನೆಯ ಊಟ ಹೀಗಿರಲಿಲ್ಲ. ಮುದ್ದೆ, ಬಸ್ಸಾರು, ಉಪ್ಸಾರು, ಹುರುಳಿಕಾಳು, ದಂಟಿನ ಸೊಪ್ಪು, ಮಜ್ಜಿಗೆ. ಬಸ್ಸಾರಿಗೆ ಒಗ್ಗರಣೆಗೆ ಒಂದು ಚಮಚ ಎಣ್ಣೆ ಬಿದ್ದರೆ ಜಾಸ್ತಿ. 100 ಗ್ರಾಂ ರಾಗಿಯಲ್ಲಿ 2 ಗ್ರಾಂನಷ್ಟೂ ಕೊಬ್ಬಿಲ್ಲ, ನಾರು 11 ಗ್ರಾಂ ಇದೆ. ದೇಹ ಬಳಸಿ ಬಿಟ್ಟ ಈಸ್ಟ್ರೋಜನ್ ಕರುಳಿನ ಮೂಲಕ ಹೊರಗೆ ಹೋಗೋಕೆ ನಾರು ಸಹಾಯ ಮಾಡುತ್ತದೆ. ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ಅನ್ನೋ ರಾಗಿ ತಳಿ ಬೆಳೆಸಿದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಇರೋ ಮಂಡ್ಯ ಜಿಲ್ಲೆಯವಳು ನಾನು. ಮೈಸೂರಿಗೆ ಬಂದ ಮೇಲೆ ರಾತ್ರಿ ಊಟಕ್ಕೆ ಪೂರಿ, ಪರೋಟ, ಫ್ರೈಡ್ ರೈಸ್ ಅಂತ ಅಭ್ಯಾಸ ಮಾಡಿಕೊಂಡಿದ್ದೆ. ಈಗ ರಾತ್ರಿ ಮುದ್ದೆ ವಾಪಸ್ ಬಂದಿದೆ. ಎಣ್ಣೆ ತಿಂಗಳಿಗೆ ಎರಡೂವರೆ ಲೀಟರ್‌ಗೆ ಇಳಿದಿದೆ. ಬಾಟಲಿಯಿಂದ ನೇರವಾಗಿ ಸುರಿಯೋದು ಬಿಟ್ಟು ಚಮಚದಲ್ಲಿ ಅಳೆದು ಹಾಕಿದ್ದಕ್ಕೇ ಅರ್ಧ ಉಳಿಯಿತು.

ಮೂರು ತಿಂಗಳಾದ ಮೇಲೆ ಅಗಸೆ ಬೀಜ, ಅಂದರೆ ಫ್ಲ್ಯಾಕ್ಸ್ ಸೀಡ್, ಶುರು ಮಾಡಿದೆ. ಒಂದೇ ಸಲ ಎಲ್ಲಾ ಶುರು ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ತಿಳಿಯೋದಿಲ್ಲ ಅಲ್ವಾ? ಕೆನಡಾದಲ್ಲಿ ಈ ನೋವಿಗೇ ದಿನಕ್ಕೆ 25 ಗ್ರಾಂ ಅಗಸೆ ಕೊಟ್ಟು ನೋಡಿದ್ದಾರೆ, ಅದರಿಂದ ನೋವು ಇಳಿದಿದೆ. ನಮ್ಮ ಕಡೆ ಹುಚ್ಚೆಳ್ಳು ಚಟ್ನಿ ಗೊತ್ತು, ಅಗಸೆ ಅಷ್ಟಾಗಿ ಗೊತ್ತಿಲ್ಲ. ಧಾರವಾಡದ ಗೆಳತಿ ಹೇಳಿಕೊಟ್ಟಳು. ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೂ ಹುರಿದು, ಆರಿಸಿ, ಒಣಮೆಣಸು, ಬೆಳ್ಳುಳ್ಳಿ, ಉಪ್ಪು, ಚೂರು ಹುಣಸೆ ಹಾಕಿ ತರಿತರಿಯಾಗಿ ಪುಡಿ ಮಾಡೋದು. ಮಜ್ಜಿಗೆಯಲ್ಲಿ ಕಲಸಿದರೆ ಮುದ್ದೆಗೂ ಹೊಂದುತ್ತೆ. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತೆ, ಪುಡಿ ಮಾಡಲೇಬೇಕು, ನೀರು ಚೆನ್ನಾಗಿ ಕುಡಿಯಬೇಕು. ಬಸುರಿಯರು, ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಡಾಕ್ಟರನ್ನು ಕೇಳದೆ ತಿನ್ನಬೇಡಿ.

ಮೆಡಿಕಲ್ ಸ್ಟೋರ್‌ನಲ್ಲಿ ಈ ನೋವಿಗೆ ಈವ್ನಿಂಗ್ ಪ್ರಿಮ್‌ರೋಸ್ ಅನ್ನೋ ಗಿಡದ ಬೀಜದ ಎಣ್ಣೆ ಕ್ಯಾಪ್ಸೂಲ್ ಕೊಡುತ್ತಾರೆ. ದುಡ್ಡು ಜಾಸ್ತಿ. ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತೆ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ. ಬ್ರಿಟನ್‌ನಲ್ಲಿ ಈ ನೋವಿನ ಔಷಧಿ ಅಂತ ಅದಕ್ಕಿದ್ದ ಪರವಾನಗಿಯನ್ನು 2002ರಲ್ಲೇ ವಾಪಸ್ ತಗೊಂಡರು. ಆ ದುಡ್ಡಲ್ಲಿ ಸರಿಯಾದ ಅಳತೆಯ, ಚೆನ್ನಾಗಿ ಹಿಡಿದುಕೊಳ್ಳುವ ಎರಡು ಬ್ರಾ ತಗೊಳ್ಳಿ. ನಾನು ಹತ್ತು ವರ್ಷದಿಂದ ತಪ್ಪು ಸೈಜ್ ಹಾಕುತ್ತಿದ್ದೆ. ತೀರಾ ತಡೆಯೋಕೆ ಆಗದ ದಿನ ಹಚ್ಚೋಕೆ ನೋವಿನ ಜೆಲ್ ಇದೆ, ಅದಕ್ಕೂ ಕೇಳದಿದ್ದರೆ ಬೇರೆ ಔಷಧಿಗಳೂ ಇವೆ. ಊಟ ಒಂದರಿಂದಲೇ ಎಲ್ಲಾ ಹೋಗುತ್ತೆ ಅಂತ ನಾನು ಯಾರಿಗೂ ಹೇಳೋದಿಲ್ಲ.

ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ನೋವಿದ್ದ ದಿನಕ್ಕೆಲ್ಲ ಪೆನ್ಸಿಲ್‌ನಲ್ಲಿ ಒಂದು ಚುಕ್ಕಿ ಇಡುತ್ತೇನೆ. ಶುರುವಿನಲ್ಲಿ ತಿಂಗಳಿಗೆ ಒಂಬತ್ತು, ಹತ್ತು ಇರುತ್ತಿದ್ದವು. ಹೋದ ತಿಂಗಳು ಮೂರು. ಮೊನ್ನೆ ಮಗಳು ‘ಇದೇನಮ್ಮ ಚುಕ್ಕಿ?’ ಅಂದಳು. ಪಕ್ಕ ಕೂರಿಸಿಕೊಂಡು, ಹೆಸರು ಹಿಡಿದೇ ಹೇಳಿದೆ.